ತೀವ್ರ ಹೃದಯ ವೈಫಲ್ಯ: ತುರ್ತು ಚಿಕಿತ್ಸೆ

ಆಡುಮಾತಿನಲ್ಲಿ ‘ಹಾರ್ಟ್ ಫೇಲ್ ಆಯ್ತು’ ಎಂದರೆ ಆಸಾಮಿ ಹೋದನೆಂದೇ ಅರ್ಥ. ವೈದ್ಯರ ಲೆಕ್ಕ ಬೇರೆ. ಹೃದಯ ನಿಂತಿರುವುದಿಲ್ಲ, ಬಂದ ರಕ್ತವನ್ನು ಸಾಕಷ್ಟು ಮುಂದೆ ತಳ್ಳಲಾಗದೆ ಏಗುತ್ತಿರುತ್ತದೆ. ಈ ಸ್ಥಿತಿ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಉಲ್ಬಣಿಸಿದರೆ ಅದೇ ತೀವ್ರ ಹೃದಯ ವೈಫಲ್ಯ.

ನಡುರಾತ್ರಿ ಆಸ್ಪತ್ರೆಗೆ ಬರುವ ಇಂಥ ರೋಗಿಯನ್ನು ಅನುಭವಿ ನರ್ಸ್ ಬಾಗಿಲಲ್ಲೇ ಗುರುತಿಸುತ್ತಾರೆ. ಮಲಗೆಂದರೆ ಒಲ್ಲರು. ಮಂಚದ ಅಂಚಿಗೆ ಕೂತು, ಎರಡೂ ಕೈ ಊರಿ ಏದುಸಿರು ಬಿಡುತ್ತಾರೆ. ಮೈಯೆಲ್ಲ ಬೆವರು, ಕೆಮ್ಮಿದರೆ ಕೆಲವೊಮ್ಮೆ ನಸುಗೆಂಪು ನೊರೆ. ಹೃದಯದ ಎಡಭಾಗದ ಒತ್ತಡ ಹಿಂದಕ್ಕೆ ಏರಿ, ಶ್ವಾಸಕೋಶದ ಗಾಳಿಗೂಡುಗಳಿಗೆ ನೀರು ಜಿನುಗಿರುತ್ತದೆ. ಮಲಗಿಸಿದರೆ ಕಾಲಿನ ರಕ್ತವೂ ಎದೆಯತ್ತ ಹರಿದು ಉಸಿರು ಇನ್ನಷ್ಟು ಕಟ್ಟುತ್ತದೆ. ಹಾಗಾಗಿ ಕೂರಿಸುವುದೇ ಮೊದಲ ಚಿಕಿತ್ಸೆ.

ಉಬ್ಬಸವೋ ಹೃದಯವೋ ಎಂಬ ಗೊಂದಲ ಹಳೆಯದು. ಈಗ ಎದೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟರೆ ನೀರು ತುಂಬಿದ ಶ್ವಾಸಕೋಶ ಉದ್ದುದ್ದ ಬಿಳಿ ಗೆರೆಗಳಾಗಿ ಕಾಣುತ್ತದೆ. ಹೃದಯಕ್ಕೆ ಒತ್ತಡ ಬಿದ್ದಾಗ ರಕ್ತದಲ್ಲಿ ಹೆಚ್ಚುವ ಬಿಎನ್‌ಪಿ ಎಂಬ ಹಾರ್ಮೋನು ಮಿ.ಲೀ.ಗೆ 100 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯದ ಮೇಲಿನ ಅನುಮಾನ ಬಹುಪಾಲು ತೀರುತ್ತದೆ. ಇಸಿಜಿಯಂತೂ ತಡಮಾಡದೆ ಆಗಲೇಬೇಕು. ಒಳಗೆ ಹೃದಯಾಘಾತವೇ ನಡೆದಿದ್ದರೆ ಮುಚ್ಚಿದ ರಕ್ತನಾಳ ತೆರೆಯದೆ ಬೇರೆ ಔಷಧಿಗಳಿಂದ ಹೆಚ್ಚೇನೂ ಆಗದು.

ಶ್ವಾಸಕೋಶಕ್ಕೆ ನೀರು ಬಂದಿದೆ ಎಂದಮಾತ್ರಕ್ಕೆ ಮೈಯಲ್ಲಿ ನೀರು ಹೆಚ್ಚಿದೆ ಎಂದೇನಲ್ಲ. ಚಿಕಿತ್ಸೆ ಎಡವುವುದು ಹೆಚ್ಚಾಗಿ ಇಲ್ಲೇ. ಬಿಪಿ ದಿಢೀರನೆ ಏರಿದವರಲ್ಲಿ ಇದ್ದ ನೀರೇ ಜಾಗ ಬದಲಿಸಿರುತ್ತದೆ; ಅವರಿಗೆ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಬೇಕು. ಕಾಲು ಊದಿ, ವಾರಗಟ್ಟಲೆ ತೂಕ ಏರಿ ಬಂದವರಿಗೆ ಮೂತ್ರ ಹರಿಸುವ ಫ್ಯುರೋಸಿಮೈಡ್, ಅಂದರೆ ಲ್ಯಾಸಿಕ್ಸ್ ಇಂಜೆಕ್ಷನ್. ಮೊದಲ 6 ಗಂಟೆಗಳಲ್ಲಿ ಗಂಟೆಗೆ 100ರಿಂದ 150 ಮಿ.ಲೀ. ಮೂತ್ರವೂ ಬಾರದಿದ್ದರೆ ಡೋಸ್ ಇಮ್ಮಡಿಸುತ್ತಾರೆ. ಬಿಪಿ ಕುಸಿದು ಕೈಕಾಲು ತಣ್ಣಗಾಗಿದ್ದರೆ ಮಾತ್ರ ದಾರಿಯೇ ಬೇರೆ: ಐಸಿಯು, ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ.

ಆಮ್ಲಜನಕ ಎಲ್ಲರಿಗೂ ಬೇಡ. ರಕ್ತದಲ್ಲಿ ಅದರ ಮಟ್ಟ ಶೇ. 90ಕ್ಕಿಂತ ಇಳಿದವರಿಗೆ ಸಾಕು. ಏದುಸಿರು ತಗ್ಗದಿದ್ದರೆ ಬಿಗಿ ಮಾಸ್ಕಿನಿಂದ ಒತ್ತಡದ ಗಾಳಿ ಕೊಡುತ್ತಾರೆ. ಬ್ರಿಟನ್ನಿನ 1,069 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾಸ್ಕ್ ಉಸಿರಾಟವನ್ನು ಬೇಗ ಹಗುರಾಗಿಸಿತು, ಆದರೆ ಸಾವಿನ ಪ್ರಮಾಣ ತಗ್ಗಿಸಲಿಲ್ಲ. ಒಂದು ಕಾಲಕ್ಕೆ ಕೈಗೆ ಮೊದಲು ಸಿಗುತ್ತಿದ್ದ ಮಾರ್ಫಿನ್ ಈಗ ಹಿಂದೆ ಸರಿದಿದೆ.

ಕೇರಳದ ತಿರುವನಂತಪುರದಲ್ಲಿ 2013ರಲ್ಲಿ ಹೃದಯ ವೈಫಲ್ಯದಿಂದ ಆಸ್ಪತ್ರೆಗೆ ದಾಖಲಾದ 1,205 ರೋಗಿಗಳ ಸರಾಸರಿ ವಯಸ್ಸು 61. ಶೇ. 72 ಮಂದಿಗೆ ಮೂಲ ಕಾರಣ ಹೃದಯದ ರಕ್ತನಾಳದ ಕಾಯಿಲೆ. ಆಸ್ಪತ್ರೆಯಲ್ಲೇ ತೀರಿಕೊಂಡವರು ಶೇ. 8.5.

ಮಾತ್ರೆ ನಿಲ್ಲಿಸಿದ್ದು, ಉಪ್ಪಿನಕಾಯಿ-ಹಪ್ಪಳ ಮಿತಿಮೀರಿದ್ದು, ಎದೆಗೆ ಸೋಂಕು ತಗುಲಿದ್ದು ಇಂಥ ರಾತ್ರಿಗಳ ಹಿಂದಿನ ಮಾಮೂಲು ಕಥೆ. ಮನೆಯಲ್ಲಿ ಹೀಗಾದರೆ ರೋಗಿಯನ್ನು ಕೂರಿಸಿ, 108ಕ್ಕೆ ಕರೆ ಮಾಡಿ, ನುಂಗುತ್ತಿದ್ದ ಮಾತ್ರೆಗಳ ಶೀಟುಗಳನ್ನು ಜೊತೆಗೇ ಒಯ್ಯಿರಿ.