ವದಂತಿಯೂ ಪ್ರಜಾಜೀವನವೂ: ಎರಡು ಪ್ರಸಂಗಗಳ ತುಲನೆ

ಅಂತರ್ಜಾಲವು ಪ್ರಜಾಪ್ರಭುತ್ವಕ್ಕೆ ವರವೋ ಶಾಪವೋ ಎಂಬ ಪ್ರಶ್ನೆ ನಮ್ಮ ತರಗತಿಗಳಲ್ಲಿ ಆಗಾಗ ಏಳುತ್ತದೆ. ಭಾರತದ ಸಾರ್ವಜನಿಕರಿಗೆ ಈ ಸೌಲಭ್ಯ ದೊರೆತದ್ದು 1995ರ ಆಗಸ್ಟ್ 15ರಂದು. ಇಷ್ಟು ಅಲ್ಪಕಾಲದ ಅನುಭವದಿಂದ ಕಡೆಯ ತೀರ್ಪು ಕೊಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದರೆ ಈ ಕಾಲದ ಒಂದು ಘಟನೆಯನ್ನು ಹಿಂದಿನ ಅದೇ ಬಗೆಯ ಘಟನೆಯೊಡನೆ ಹೋಲಿಸಿ, ಹೊಸದಾವುದು, ಹಳೆಯದಾವುದು ಎಂದು ವಿಂಗಡಿಸುವುದು ಸಾಧ್ಯ.

1789ರ ಜುಲೈ 20ರಿಂದ ಆಗಸ್ಟ್ 6ರವರೆಗೆ ಫ್ರಾನ್ಸಿನ ಹಳ್ಳಿಗಾಡನ್ನು ಆವರಿಸಿದ ದಿಗಿಲಿಗೆ ‘ಮಹಾಭೀತಿ’ ಎಂದು ಹೆಸರು. ಪ್ರಭುವರ್ಗದವರ ಪ್ರೇರಣೆಯಿಂದ ದರೋಡೆಗಾರರು ಪೈರನ್ನು ಹಾಳುಮಾಡಲು ಬರುತ್ತಿದ್ದಾರೆಂಬ ಸುದ್ದಿ ಊರಿಂದೂರಿಗೆ ಹಬ್ಬಿತು. ರೈತರು ಕೈಗೆ ಸಿಕ್ಕಿದ ಆಯುಧ ಹಿಡಿದು ಕಾವಲು ನಿಂತರು. ದರೋಡೆಗಾರರು ಮಾತ್ರ ಬರಲಿಲ್ಲ. ಈ ಸುದ್ದಿ ನಡೆದ ದಾರಿಗಳನ್ನು ಗುರುತಿಸಿ 1932ರಲ್ಲಿ ಗ್ರಂಥ ಬರೆದ ಜಾರ್ಜ್ ಲಫೆವ್ರ್ ಅವರಿಂದ ಎರಡು ಸಂಗತಿಗಳು ನಮಗೆ ತಿಳಿದುಬಂದಿವೆ. ಹಸಿವು, ಅಲೆಮಾರಿಗಳ ಭಯ, ಪ್ರಭುಗಳ ಮೇಲಿನ ಸಂಶಯ ಇವು ಮೊದಲೇ ಇದ್ದುದರಿಂದಲೇ ಜನ ಸುದ್ದಿಯನ್ನು ನಂಬಿದರು. ಅದನ್ನು ಹರಡಿದವರಲ್ಲಿ ಪಾದ್ರಿಗಳೂ ಅಧಿಕಾರಿಗಳೂ ಇದ್ದರು. ಅವರು ಸದುದ್ದೇಶದಿಂದಲೇ ನೆರೆಯೂರಿಗೆ ಎಚ್ಚರಿಕೆ ಕಳುಹಿಸಿದರು.

ಇನ್ನು ಬೆಂಗಳೂರಿನ ಪ್ರಸಂಗ. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಮೊದಲಾದ ಜಿಲ್ಲೆಗಳಲ್ಲಿ ಬೋಡೋ ಜನರಿಗೂ ಮುಸಲ್ಮಾನರಿಗೂ ಘರ್ಷಣೆಯಾಗಿ ಲಕ್ಷಾಂತರ ಮಂದಿ ನಿರಾಶ್ರಿತರಾದರು. ಬೇರೆಲ್ಲೋ ತೆಗೆದ ಚಿತ್ರಗಳು ಅಂತರ್ಜಾಲದಲ್ಲಿ ಈ ಘರ್ಷಣೆಯ ಹೆಸರಿನಲ್ಲಿ ಸುಳಿದಾಡಿದವು. ಬೆಂಗಳೂರಿನಲ್ಲಿದ್ದ ಈಶಾನ್ಯದವರ ಮೇಲೆ ಸೇಡಿನ ಹಲ್ಲೆ ನಡೆಯಲಿದೆ ಎಂಬ ಸಂದೇಶಗಳು ಮೊಬೈಲುಗಳಲ್ಲಿ ಹರಿದವು. ಆಗಸ್ಟ್ 15ರಿಂದ ಕೆಲವೇ ದಿನಗಳಲ್ಲಿ ಸಾವಿರಾರು ವಿದ್ಯಾರ್ಥಿಗಳೂ ಕೆಲಸಗಾರರೂ ಗುವಾಹಟಿಯ ರೈಲು ಹತ್ತಿದರು. ವದಂತಿ ಹೇಳಿದಂಥ ಸಾಮೂಹಿಕ ಹಲ್ಲೆ ನಗರದಲ್ಲಿ ನಡೆಯಲಿಲ್ಲ. ಸರ್ಕಾರವೂ ಮುಸ್ಲಿಂ ಮುಖಂಡರೂ ಅಭಯವಿತ್ತರು. ಅದೇ ವೇಳೆಗೆ ವಿಶೇಷ ರೈಲುಗಳೂ ಹೊರಟವು. ಕರುಣೆಯಿಂದ ಮಾಡಿದ ಈ ಏರ್ಪಾಡೇ ಭಯಪಟ್ಟವರ ಕಣ್ಣಿಗೆ ವದಂತಿಯ ಸಾಕ್ಷ್ಯವಾಗಿ ತೋರಿರಬಹುದೆಂಬ ಸಂದೇಹಕ್ಕೆ ಎಡೆಯುಂಟು.

ಹೀಗೆ, ಮೊದಲೇ ನೆಲೆಸಿದ್ದ ಅಂಜಿಕೆಯಲ್ಲಿ ವದಂತಿ ಬೇರೂರುವುದು ಎರಡೂ ಪ್ರಸಂಗಗಳಿಗೆ ಸಾಮಾನ್ಯ. ವೇಗ ಹೆಚ್ಚಿದೆ ಎಂಬುದು ನಿಜವಾದರೂ ಮುಖ್ಯ ಭೇದ ಬೇರೆಡೆ ಇದೆ. 1789ರಲ್ಲಿ ಹಳ್ಳಿಯ ಬಾಯಿಗಳನ್ನು ಮುಚ್ಚುವ ಉಪಾಯ ಯಾವ ಸರ್ಕಾರಕ್ಕೂ ಇರಲಿಲ್ಲ. 2012ರ ಆಗಸ್ಟ್ 17ರಂದು ಕೇಂದ್ರ ಸರ್ಕಾರವು ಐದಕ್ಕೆ ಮೀರಿದ ಸಗಟು ಸಂದೇಶಗಳನ್ನು ದೇಶದಲ್ಲೆಲ್ಲ 15 ದಿನ ನಿಷೇಧಿಸಿತು. 200ಕ್ಕೂ ಹೆಚ್ಚು ಜಾಲಪುಟಗಳನ್ನು ತಡೆಹಿಡಿಯಿತು. ಮಾಧ್ಯಮದ ಜೊತೆಗೆ ಅದನ್ನು ಮುಚ್ಚುವ ಶಕ್ತಿಯೂ ಬೆಳೆದಿದೆ.

ಆ ಶಕ್ತಿಗೆ ಎಲ್ಲೆ ಯಾವುದು? ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ರದ್ದುಗೊಳಿಸಿತು. ಜಾಲಪುಟಗಳನ್ನು ತಡೆಯುವ ಅಧಿಕಾರವನ್ನು ಎತ್ತಿಹಿಡಿಯಿತು. ಅಂತರ್ಜಾಲವನ್ನು ಅನಿರ್ದಿಷ್ಟಕಾಲ ನಿಲ್ಲಿಸುವುದು ಸಲ್ಲದು, ಅಂಥ ಆಜ್ಞೆಗಳನ್ನು ಪ್ರಕಟಿಸತಕ್ಕದ್ದು ಎಂದು 2020ರ ಜನವರಿ 10ರಂದು ವಿಧಿಸಿತು. ಸ್ವಾತಂತ್ರ್ಯಕ್ಕೂ ಸುರಕ್ಷತೆಗೂ ನಡುವಣ ಈ ಗೆರೆಯನ್ನು ಎಳೆಯುವ ಕೆಲಸ ಇನ್ನೂ ಮುಗಿದಿಲ್ಲ.

ಆದರೂ ಎಲ್ಲವನ್ನೂ ನ್ಯಾಯಾಲಯಕ್ಕೆ ಬಿಟ್ಟು ನಾವು ನಿಶ್ಚಿಂತರಾಗುವಂತಿಲ್ಲ. ಅಂದು ಊರು ಬಿಟ್ಟವರಲ್ಲಿ ಅನೇಕರು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು. ವರ್ಷಗಟ್ಟಲೆ ಜೊತೆಯಲ್ಲಿ ಕುಳಿತ ಸಹಪಾಠಿಗಳ ಮಾತಿಗಿಂತ ಗುರುತಿಲ್ಲದವರ ಸಂದೇಶವೇ ಅವರಿಗೆ ನಂಬಲು ತಕ್ಕುದಾಗಿ ಕಂಡಿತು. ಏಕೆ ಎಂಬುದಕ್ಕೆ ಉತ್ತರವನ್ನು ಯಂತ್ರದಲ್ಲಿ ಹುಡುಕುವ ಮುನ್ನ ನಮ್ಮ ತರಗತಿಗಳಲ್ಲಿ ಹುಡುಕುವುದು ಅಧ್ಯಾಪಕರ ಕರ್ತವ್ಯವೆಂದು ತೋರುತ್ತದೆ.