ಹೆಸರು ಮರೆತ ಕೃಷಿ ಉಪಕರಣಗಳು: ಗುರುತಿಸುವುದು ಹೇಗೆ?

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ರಾಜರು, ಯುದ್ಧಗಳು, ಒಪ್ಪಂದಗಳು ನೆನಪಿಗೆ ಬರುತ್ತವೆ. ಆದರೆ ಆ ರಾಜರ ಅರಮನೆಗೂ ಸೈನ್ಯಕ್ಕೂ ಅನ್ನ ಒದಗಿಸಿದ ರೈತನ ಕಥೆ ಶಾಸನಗಳಲ್ಲಿ ಸಿಗುವುದು ಬಹಳ ಕಡಿಮೆ. ಅದು ದನದ ಕೊಟ್ಟಿಗೆಯ ಮೂಲೆಯಲ್ಲಿ, ಮನೆಯ ಅಟ್ಟದ ಮೇಲೆ, ಗುಜರಿ ಅಂಗಡಿಯ ರಾಶಿಯಲ್ಲಿ ಬಿದ್ದಿದೆ. ಟ್ರ್ಯಾಕ್ಟರ್ ಮತ್ತು ಪಂಪ್‌ಸೆಟ್‌ಗಳು ಬಂದ ಮೇಲೆ ಹಳೆಯ ಉಪಕರಣಗಳು ಮೂಲೆಗೆ ಸೇರಿದವು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಅವುಗಳ ಹೆಸರೂ ಮರೆತುಹೋಯಿತು. ಹೆಸರು ತಿಳಿಯದ ವಸ್ತು ಸೌದೆಯಾಗುತ್ತದೆ, ಇಲ್ಲವೇ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ.

ಒಂದು ಉದಾಹರಣೆ ನೋಡೋಣ. ಗಟ್ಟಿ ಮರದ ಒಂದು ಬಟ್ಟಲು ಸಿಕ್ಕಿದೆ ಎಂದುಕೊಳ್ಳಿ. ಅದರ ತಳದಲ್ಲಿ ಸುತ್ತಲೂ 12 ರಂಧ್ರಗಳಿವೆ. ಇದು ಊಟದ ಪಾತ್ರೆಯಾಗಿರಲಾರದು, ಏಕೆಂದರೆ ಹಾಕಿದ್ದೆಲ್ಲ ಸೋರುತ್ತದೆ. ಜರಡಿಯೂ ಅಲ್ಲ, ಅದಕ್ಕೆ ರಂಧ್ರಗಳು ತೀರ ಕಡಿಮೆ. ರಂಧ್ರಗಳು ನೇರವಾಗಿರದೆ ಹೊರಮುಖವಾಗಿ ಓರೆಯಾಗಿವೆ. ಅಂದರೆ ಪ್ರತಿಯೊಂದಕ್ಕೂ ಒಂದೊಂದು ಕೊಳವೆ ಸಿಕ್ಕಿಸುತ್ತಿದ್ದರು. ಬಟ್ಟಲಿನ ಒಳಭಾಗ ಕೈ ಆಡಿ ಆಡಿ ನುಣುಪಾಗಿದೆ. ಇಷ್ಟನ್ನು ಗಮನಿಸಿದರೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಇದು ಬಿತ್ತನೆಯ ಕೂರಿಗೆಯ ಬಟ್ಟಲು. ಎತ್ತುಗಳು ಕೂರಿಗೆಯನ್ನು ಎಳೆಯುವಾಗ ಬಿತ್ತುವವರು ಹಿಡಿ ಹಿಡಿಯಾಗಿ ಬೀಜವನ್ನು ಈ ಬಟ್ಟಲಿಗೆ ಬಿಡುತ್ತಿದ್ದರು. ಬೀಜ ಬಿದಿರಿನ ಕೊಳವೆಗಳ ಮೂಲಕ ಇಳಿದು ಸಮನಾದ ಸಾಲುಗಳಲ್ಲಿ ಬೀಳುತ್ತಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಗೆ 12 ತಾಳಿನ ಕೂರಿಗೆ ಬಳಕೆಯಲ್ಲಿತ್ತು. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸಾಲುಗಳ ಅಂತರ ಹೆಚ್ಚು ಬೇಕಾದ್ದರಿಂದ 3 ಅಥವಾ 4 ತಾಳುಗಳು ಸಾಕಾಗುತ್ತಿದ್ದವು. ಹೀಗೆ ರಂಧ್ರಗಳ ಸಂಖ್ಯೆಯೇ ಬೆಳೆಯನ್ನೂ ಸೀಮೆಯನ್ನೂ ಹೇಳುತ್ತದೆ.

ಇದರ ಜೊತೆಗೆ ಒಂಟಿ ಬಿದಿರಿನ ಕೊಳವೆಯೊಂದು ಸಿಕ್ಕರೆ ಅದನ್ನು ಕೊಳಲೆಂದು ಭಾವಿಸಬೇಡಿ. ಅದು 'ಸಡ್ಡೆ' ಇರಬಹುದು. ಕೂರಿಗೆಯ ಹಿಂದೆ ಇದನ್ನು ಹಗ್ಗದಿಂದ ಕಟ್ಟಿ, ರಾಗಿಯ ಸಾಲುಗಳ ನಡುವೆ ಅವರೆ ಅಥವಾ ತೊಗರಿಯ ಅಕ್ಕಡಿ ಸಾಲು ಬಿತ್ತುತ್ತಿದ್ದರು. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಕೈಹಿಡಿಯಲಿ ಎಂಬ ಮುಂದಾಲೋಚನೆ ಆ ಒಂದು ಗೇಣಿನ ಕೊಳವೆಯಲ್ಲಿ ಅಡಗಿದೆ.

ಇದು ಕೇವಲ ಊಹೆಯಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ನಮ್ಮ ನೇಗಿಲು, ಕೂರಿಗೆ, ಕುಂಟೆಗಳ ವಿವರಣೆಯಿದೆ. ಅದಕ್ಕೂ ಮೊದಲೇ ಕ್ಯಾಪ್ಟನ್ ಹಾಲ್ಕಾಟ್ ಎಂಬ ಅಧಿಕಾರಿ ದಕ್ಷಿಣ ಭಾರತದ ಕೂರಿಗೆಯನ್ನು ಕಂಡು ಬೆರಗಾಗಿದ್ದನು. ಸಾಲುಬಿತ್ತನೆಯ ಯಂತ್ರ ಯೂರೋಪಿನ ಹೊಸ ಆವಿಷ್ಕಾರವೆಂದು ಅವನು ನಂಬಿದ್ದನು. ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ ಅದನ್ನು ರೂಪಿಸಿದ್ದು 1701ರಲ್ಲಿ. ಹಾಲ್ಕಾಟನ ಪತ್ರಗಳು 1797ರಲ್ಲಿ ಅಚ್ಚಾದವು. ಪ್ರಾಚೀನ ಬ್ಯಾಬಿಲೋನಿಯಾದ ಮುದ್ರೆಗಳಲ್ಲಿಯೂ ಬೀಜದ ಕೊಳವೆಯುಳ್ಳ ನೇಗಿಲಿನ ಚಿತ್ರವಿದೆ. ಆದ್ದರಿಂದ ಯಾರು ಮೊದಲು ಎಂಬ ಜಂಬ ಬೇಡ. ನಮ್ಮ ರೈತ ಹಿಂದುಳಿದವನಾಗಿರಲಿಲ್ಲ ಎಂಬುದಷ್ಟೇ ಇಲ್ಲಿಯ ಪಾಠ.

ನಮ್ಮ ಕಡೆ ಹಳೆಯ ಕಬ್ಬಿಣದ ಪಟ್ಟಿ ಸಿಕ್ಕರೆ ಸಾಕು, "ಟಿಪ್ಪುವಿನ ಕಾಲದ ಕತ್ತಿ" ಎನ್ನುವವರಿದ್ದಾರೆ. ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಕತ್ತಿಗೆ ಹಿಡಿಯಿರುತ್ತದೆ. ಕುಂಟೆಯ ಅಲಗಿಗೆ ಎರಡೂ ತುದಿಗಳಲ್ಲಿ ಮರದ ತಾಳಿಗೆ ಸಿಕ್ಕಿಸುವ ಜಾಗವಿರುತ್ತದೆ. ಮಣ್ಣಿನಲ್ಲಿ ಉಜ್ಜಿ ಉಜ್ಜಿ ಅದರ ಅಂಚು ಸವೆದಿರುತ್ತದೆ. ಅದು ಕಳೆ ತೆಗೆದ ಅಲಗು, ತಲೆ ತೆಗೆದದ್ದಲ್ಲ.

ಬಾವಿಯ ಬಳಿ ಸಿಗುವ ಮರದ ಗಾಲಿಗಳೂ ಹೀಗೆಯೇ. ಬಂಡಿಯ ಗಾಲಿಯ ಅಂಚು ನೆಲಕ್ಕೆ ತಾಗಿ ಸವೆಯುತ್ತದೆ. ಕಪಿಲೆಯ ಗಾಲಿಯ ಅಂಚಿನಲ್ಲಿ ಹಗ್ಗ ಓಡಿದ ತೋಡು ಇರುತ್ತದೆ. ಎತ್ತುಗಳು ಇಳಿಜಾರಿನಲ್ಲಿ ನಡೆದಾಗ ದೊಡ್ಡ ಹಗ್ಗ ತೊಗಲಿನ ಚೀಲವನ್ನು ಮೇಲೆತ್ತುತ್ತಿತ್ತು. ಚಿಕ್ಕ ಹಗ್ಗ ಅದರ ಸೊಂಡಿಲನ್ನು ಎಳೆದಾಗ ನೀರು ತಾನಾಗಿ ಕಾಲುವೆಗೆ ಸುರಿಯುತ್ತಿತ್ತು. ಉರ್ದುವಿನಲ್ಲಿ ಇದೇ 'ಮೋಟ್' ಅಥವಾ 'ಚರ್ಸಾ'. 1526ರ ನಂತರ ಹಿಂದುಸ್ತಾನವನ್ನು ವರ್ಣಿಸುವಾಗ ಬಾಬರ್ ತನ್ನ ಆತ್ಮಕಥೆಯಲ್ಲಿ ಲಾಹೋರ್ ಕಡೆಯ ಗಡಿಗೆಗಳ ರಾಟೆಯನ್ನೂ ಆಗ್ರಾ ಕಡೆಯ ಎತ್ತು ಮತ್ತು ತೊಗಲಿನ ಚೀಲದ ಪದ್ಧತಿಯನ್ನೂ ಬೇರೆ ಬೇರೆಯಾಗಿ ಗುರುತಿಸಿದ್ದಾನೆ. ಬಾದಶಹನೊಬ್ಬ ನೀರೆತ್ತುವ ಸಾಧನಗಳನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾನೆಂದರೆ, ನಾವು ಗಮನಿಸದಿರಲು ಕಾರಣವೇನಿದೆ?

ಆದರೆ ಆ ತೊಗಲಿನ ಚೀಲ ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಅದನ್ನು ಹದಮಾಡಿ ಹೊಲಿದ ಕೈಗಳಿಗೆ ಅನೇಕ ಊರುಗಳಲ್ಲಿ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಬಡಗಿ, ಕಮ್ಮಾರ, ಚರ್ಮಕಾರ, ಕೂಲಿ ಹೆಣ್ಣುಮಗಳು, ಇವರಾರೂ ತಮ್ಮ ಚರಿತ್ರೆ ಬರೆದಿಟ್ಟಿಲ್ಲ. ಅವರು ಬಿಟ್ಟುಹೋದ ದಾಖಲೆ ಈ ಉಪಕರಣಗಳೇ. ಅವನ್ನು ಗುಜರಿಗೆ ಹಾಕಿದರೆ ಅವರ ಸಾಕ್ಷಿಯೂ ಅಳಿಸಿಹೋಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಇಂಥ ವಸ್ತು ಸಿಕ್ಕಾಗ ಮೊದಲು ತೊಳೆದು ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಸವೆತದ ಗುರುತೇ ಅದರ ಭಾಷೆ. ಎಲ್ಲಿ ಸವೆದಿದೆ, ಎಲ್ಲಿ ಮತ್ತೊಂದು ಭಾಗ ಸೇರುತ್ತಿತ್ತು, ಕೈಯಿಂದ ನಡೆಯಿತೋ ಎತ್ತಿನಿಂದಲೋ ಎಂದು ನೋಡಿ. ಅಳತೆ ತೆಗೆದು ಚಿತ್ರ ಬರೆದುಕೊಳ್ಳಿ. ನಂತರ ಊರಿನ ಹಿರಿಯರ ಬಳಿಗೆ ಹೋಗಿ. "ಇದು ಕೂರಿಗೆಯಲ್ಲವೇ?" ಎಂದು ಕೇಳಿದರೆ ಹೌದು ಎಂದುಬಿಡುತ್ತಾರೆ. "ಇದನ್ನು ಏನೆನ್ನುತ್ತೀರಿ, ಹೇಗೆ ಹಿಡಿಯುತ್ತಿದ್ದಿರಿ?" ಎಂದು ಕೇಳಿ, ವಸ್ತುವನ್ನು ಅವರ ಕೈಗೆ ಕೊಡಿ. ಬಾಯಿ ಮರೆತದ್ದನ್ನು ಕೈ ನೆನಪಿಟ್ಟುಕೊಂಡಿರುತ್ತದೆ. ಅವರು ಹೇಳಿದ ಪದವನ್ನು ಕನ್ನಡವಾಗಲಿ ದಖನಿಯಾಗಲಿ, ಹಾಗೆಯೇ ಬರೆದುಕೊಳ್ಳಿ. ಕೊನೆಗೆ ರಾಮನಗರದ ಬಳಿಯ ಜಾನಪದ ಲೋಕದಂತಹ ಸಂಗ್ರಹಾಲಯದ ವಸ್ತುಗಳೊಡನೆ ಹೋಲಿಸಿ ನೋಡಿ.

ಪ್ರತಿ ಶಾಲೆಯಲ್ಲಿಯೂ ಒಂದು ಗೋಡೆ ಮತ್ತು ಒಂದು ನೋಟ್‌ಬುಕ್ ಇದಕ್ಕೆ ಮೀಸಲಾದರೆ ಸಾಕು. ಉಪಕರಣವನ್ನು ಮುಂದಿನ ವರ್ಷವೂ ಹುಡುಕಬಹುದು. ಅದರ ಹೆಸರು ಬಲ್ಲ ಹಿರಿಯರು ಮುಂದಿನ ವರ್ಷ ನಮ್ಮೊಡನೆ ಇರುತ್ತಾರೆಂಬ ಭರವಸೆಯಿಲ್ಲ. ಆದ್ದರಿಂದ ಈ ರಜೆಯಲ್ಲಿಯೇ ಕೇಳಿ.