೧೯೪೯ರ ರಗ್ಬಿ ಪ್ರವಾಸ: ಒಂದು ಅವಲೋಕನ

೧೯೪೯ರಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿದ ನ್ಯೂಜಿಲೆಂಡಿನ ರಗ್ಬಿ ತಂಡವು ನಾಲ್ಕು ಟೆಸ್ಟ್ ಪಂದ್ಯಗಳಲ್ಲಿಯೂ ಪರಾಭವ ಹೊಂದಿತು. ಆದರೆ ಅಂಕಗಳ ಅಂತರವು ಅಲ್ಪವೇ: ೧೫-೧೧, ೧೨-೬, ೯-೩, ೧೧-೮. ಕೇಪ್‌ಟೌನಿನ ಮೊದಲನೆಯ ಪಂದ್ಯದಲ್ಲಿ ಆತಿಥೇಯರ ಹದಿನೈದು ಅಂಕಗಳೂ ಓಕಿ ಗೆಫಿನ್ನರ ಐದು ಪೆನಾಲ್ಟಿ ಒದೆತಗಳಿಂದಲೇ ಬಂದುವು. ಸೋಲಿನ ಕಾರಣವನ್ನು ಈ ಒದೆತಗಳಲ್ಲಿ ಅರಸುವುದು ಸಹಜವಾದರೂ ಅದು ಪೂರ್ಣಸತ್ಯವಲ್ಲ.

ಆತಿಥೇಯ ದೇಶದ ವರ್ಣನೀತಿಗೆ ಮಣಿದು, ನ್ಯೂಜಿಲೆಂಡಿನ ಆಯ್ಕೆದಾರರು ಮಾವೊರಿ ಆಟಗಾರರನ್ನು ಕೈಬಿಟ್ಟಿದ್ದರು. ಹಾಗೆ ಹೊರಗುಳಿದ ಜಾನಿ ಸ್ಮಿತ್ತರೇ ಸ್ವದೇಶದಲ್ಲಿ ಆಸ್ಟ್ರೇಲಿಯದ ವಿರುದ್ಧ ನಾಯಕರಾದರು. ಸೆಪ್ಟೆಂಬರ್ ೩ರಂದು ಒಂದು ತಂಡ ಡರ್ಬನ್ನಿನಲ್ಲಿಯೂ ಇನ್ನೊಂದು ವೆಲ್ಲಿಂಗ್ಟನ್ನಿನಲ್ಲಿಯೂ ಸೋತುವು. ಇಬ್ಭಾಗವಾದ ಬಲಕ್ಕೆ ಎರಡೂ ಕಡೆ ಸೋಲಾಯಿತು.

೧೯೭೦ರ ಪ್ರವಾಸಕ್ಕೆ ಮಾವೊರಿಗಳು ಸೇರಿದರು. ಅದೂ ‘ಗೌರವ ಬಿಳಿಯರು’ ಎಂಬ ಹಣೆಪಟ್ಟಿಯೊಡನೆ. ಗೆದ್ದವರು, ಸೋತವರು ಮಾತ್ರವಲ್ಲದೆ, ಆಡಗೊಡದೆ ದೂರವಿಟ್ಟವರೂ ಇತಿಹಾಸಕಾರನ ಗಣನೆಗೆ ಬರತಕ್ಕವರು.